ಕಲಸಿದಂತೆ ಕಾಣಬೇಕು, ಕಲಸಬಾರದು

ಮದುವೆ ಛತ್ರದಲ್ಲಿ ಮಧ್ಯಾಹ್ನದ ಕೊನೆಯ ಪಂಕ್ತಿ ಎದ್ದ ಮೇಲೆ ಮಹಡಿಯ ಕೋಣೆಯಲ್ಲಿ ಒಂದು ಜಮಖಾನ ಹಾಸಿಕೊಳ್ಳುತ್ತದೆ. ಐದಾರು ಮಂದಿ ಸುತ್ತ ಕೂರುತ್ತಾರೆ. ಒಬ್ಬರು ಇಸ್ಪೀಟು ಕಟ್ಟು ಬಿಚ್ಚಿ ಕಲಸತೊಡಗುತ್ತಾರೆ. ಆ ಹೊತ್ತಿಗೆ ಉಳಿದವರು ಏನು ಮಾಡುತ್ತಿರುತ್ತಾರೆ ಎಂದು ಯಾವತ್ತಾದರೂ ಗಮನಿಸಿದ್ದೀರಾ? ಒಬ್ಬರು ವೀಳ್ಯದೆಲೆಗೆ ಸುಣ್ಣ ಸವರುತ್ತಿರುತ್ತಾರೆ. ಇನ್ನೊಬ್ಬರು ಹಳೆಯ ಲಗ್ನಪತ್ರಿಕೆಯ ಹಿಂಬದಿಗೆ ಪಾಯಿಂಟು ಬರೆಯಲು ಗೆರೆ ಹಾಕುತ್ತಿರುತ್ತಾರೆ. ಮತ್ತೊಬ್ಬರಿಗೆ ಕನ್ನಡಕ ಸಿಕ್ಕಿಲ್ಲ. ಹೋಳಿಗೆ ಚೆನ್ನಾಗಿತ್ತು, ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾಯಿತು ಎಂಬ ಮಾತು ನಡೆದಿರುತ್ತದೆ. ಕಲಸುವ ಕೈಯನ್ನು ಒಬ್ಬರೂ ನೋಡುವುದಿಲ್ಲ.

ಇಸ್ಪೀಟು ಜಾದೂಗಾರ ಬದುಕುವುದು ಈ ಅರ್ಧ ನಿಮಿಷದಲ್ಲಿ. ಅವನ ಕೈಯಲ್ಲಿ ಎಲೆಗಳು ಸರಸರ ಜಾರುತ್ತವೆ, ಸದ್ದು ಮಾಡುತ್ತವೆ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೋದಂತೆ ಕಾಣುತ್ತದೆ. ಕೊನೆಗೆ ನೋಡಿದರೆ ಒಂದೇ ಒಂದು ಎಲೆಯೂ ತನ್ನ ಜಾಗ ಬಿಟ್ಟಿರುವುದಿಲ್ಲ. ಜಾದೂ ಬಲ್ಲವರು ಇದನ್ನು ಫಾಲ್ಸ್ ಶಫಲ್ ಎನ್ನುತ್ತಾರೆ. ನಾವು ಹುಸಿ ಕಲಸು ಎನ್ನೋಣ.

ಕಲಿಯಲು ಹೊರಟವರೆಲ್ಲ ಇದನ್ನು ಬೆರಳಿನ ವಿದ್ಯೆ ಎಂದೇ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ವರ್ಷಗಟ್ಟಲೆ ಎಲೆ ಉದುರಿಸಿ, ಎತ್ತಿಕೊಂಡು, ಮತ್ತೆ ಉದುರಿಸಿದ ಮೇಲೆ ಗೊತ್ತಾದದ್ದು ಬೇರೆ. ಬೆರಳಿನ ಪಾಲು ನಾಲ್ಕಾಣೆ. ಉಳಿದ ಹನ್ನೆರಡಾಣೆ ಬೇಸರದ ಅಭಿನಯ.

ಏಕೆ ಬೇಕು ಈ ಹುಸಿ?

ಇಸ್ಪೀಟು ಜಾದೂವಿನ ಬಹುಪಾಲು ಚಮತ್ಕಾರಗಳಿಗೆ ಬಂಡವಾಳ ಒಂದೇ: ಜಾದೂಗಾರನಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ ಒಂದು ಕ್ರಮ. ಕೆಲವೊಮ್ಮೆ ಆ ಕ್ರಮ ಪುಟ್ಟದು. ಮೇಲಿನ ನಾಲ್ಕು ಎಲೆ ನಾಲ್ಕು ಎಕ್ಕಗಳು ಎಂಬಷ್ಟೇ. ಕೆಲವೊಮ್ಮೆ 52 ಎಲೆಗಳೂ ಲೆಕ್ಕ ಹಾಕಿ ಕೂತಿರುತ್ತವೆ.

ಹಳೆಯ ಒಂದು ಜೋಡಣೆಯನ್ನೇ ನೋಡಿ. ಅಮೆರಿಕದ ರಂಗಪ್ರದರ್ಶಕ ಸೈ ಸ್ಟೆಬಿನ್ಸ್ ಹೆಸರಿನಲ್ಲಿ ಅದು ಪ್ರಸಿದ್ಧ. ಕಳಾವರ, ಆಟೀನು, ಇಸ್ಪೀಟು, ಡೈಮಂಡು ಎಂಬ ಸರದಿ ಕೊನೆಯವರೆಗೂ ತಪ್ಪುವುದಿಲ್ಲ. ಪ್ರತಿ ಎಲೆಯೂ ಹಿಂದಿನದಕ್ಕಿಂತ ಮೂರು ಹೆಚ್ಚು. ಕಳಾವರದ ಎಕ್ಕ, ಆಟೀನಿನ 4, ಇಸ್ಪೀಟಿನ 7, ಡೈಮಂಡಿನ 10, ಕಳಾವರದ ರಾಜ. ಹದಿಮೂರು ದಾಟಿದರೆ ಹದಿಮೂರು ಕಳೆದುಬಿಡಿ. ಮುಂದಿನದು ಆಟೀನಿನ 3. ನೀವು ನಡುವಿನಿಂದ ಒಂದು ಎಲೆ ಎಳೆದಿರಿ ಎನ್ನಿ. ಜಾದೂಗಾರ ನಿಮ್ಮ ಎಲೆಯ ಮೇಲಿದ್ದ ಕಂತೆಯನ್ನು ಕಟ್ಟಿನ ಅಡಿಗೆ ಹಾಕಿ, ತೀರ ಕೆಳಗಿನ ಎಲೆಯನ್ನು ಓರೆಗಣ್ಣಿನಲ್ಲಿ ನೋಡುತ್ತಾನೆ. ಅದು ಆಟೀನಿನ 5. ನಿಮ್ಮ ಕೈಯಲ್ಲಿರುವುದು ಇಸ್ಪೀಟಿನ 8. ಮನಸ್ಸು ಓದುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಕೂತ ಮೇಲೆ ಅವನು ಅದನ್ನು ಹೇಳುತ್ತಾನೆ. ಸ್ಪೇನಿನ ಹುವಾನ್ ತಮರಿಜ್ ಅವರ ಮ್ನೆಮೋನಿಕಾದಂಥ ಜೋಡಣೆಗಳಲ್ಲಿ ಇಂಥ ಸುಲಭ ಲೆಕ್ಕವೂ ಇಲ್ಲ. 52 ಎಲೆಗಳ ಸ್ಥಾನವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಳ್ಳಬೇಕು.

ಇಷ್ಟು ಶ್ರಮದ ಜೋಡಣೆಯನ್ನು ಕಲಸದೆ ಮುಂದಿಟ್ಟರೆ ಯಾರು ನಂಬುತ್ತಾರೆ? ಮೊದಲೇ ಜೋಡಿಸಿಟ್ಟುಕೊಂಡು ಬಂದಿದ್ದಾನೆ ಎಂದು ಎರಡನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ. ನಿಜವಾಗಿ ಕಲಸಿದರೆ ಜೋಡಣೆಯೇ ಹಾಳು. ಹುಸಿ ಕಲಸು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಕಲಸಿದರೆ ಕಲಸುತ್ತದೆಯೇ?

ಕಲಸುವುದರ ಮೇಲೆ ನಮಗಿರುವ ನಂಬಿಕೆ ದೊಡ್ಡದು. 52 ಎಲೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಲೆಕ್ಕ 8ರ ಮುಂದೆ 67 ಸೊನ್ನೆ ಇಟ್ಟಷ್ಟಾಗುತ್ತದೆ. ಚೆನ್ನಾಗಿ ಕಲಸಿದ ಒಂದು ಕಟ್ಟಿನ ಕ್ರಮ ಭೂಮಿಯ ಮೇಲೆ ಹಿಂದೆಂದೂ ಬಂದಿರಲಾರದು ಎಂದು ಧೈರ್ಯವಾಗಿ ಹೇಳಬಹುದು. ಆದರೆ ಆ "ಚೆನ್ನಾಗಿ" ಎಂಬ ಮಾತಿನಲ್ಲೇ ಇದೆ ತೊಡಕು.

ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರ ಕಥೆ ಇಲ್ಲಿ ಹೇಳಲೇಬೇಕು. ನ್ಯೂಯಾರ್ಕಿನ ಈ ಹುಡುಗ ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ಡಾಯ್ ವರ್ನನ್ ಎಂಬ ಮಹಾನ್ ಇಸ್ಪೀಟು ಜಾದೂಗಾರನ ಹಿಂದೆ ಊರೂರು ಅಲೆದ. ಆಮೇಲೆ ಓದಿಗೆ ಮರಳಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. 1992ರಲ್ಲಿ ಡೇವ್ ಬೇಯರ್ ಜೊತೆ ಸೇರಿ ಅವರು ತೋರಿಸಿದ್ದು ಇದು: ಕಟ್ಟನ್ನು ಎರಡು ಮಾಡಿ, ಮೂಲೆಗಳನ್ನು ಬಾಗಿಸಿ, ಎಲೆಗಳನ್ನು ಒಂದರೊಳಗೊಂದು ಬೀಳಿಸುವ ರಿಫಲ್ ಕಲಸನ್ನು ಏಳು ಸಲ ಮಾಡಿದರೆ ಕಟ್ಟು ಸಾಕಷ್ಟು ಬೆರೆಯುತ್ತದೆ. ಮೂರು ನಾಲ್ಕು ಸಲಕ್ಕೆ ನಿಲ್ಲಿಸಿದರೆ ಹಳೆಯ ಕ್ರಮದ ಗುರುತು ಇನ್ನೂ ಉಳಿದಿರುತ್ತದೆ. ನಾವೆಲ್ಲ ಮಾಡುವ ಕೈ ಕಲಸಿನ ಗತಿಯಂತೂ ಇನ್ನೂ ಕಷ್ಟ. ಕಂತೆ ಕಂತೆಯಾಗಿ ಎಳೆದು ಹಾಕುವ ಆ ವಿಧಾನದಲ್ಲಿ ಕಟ್ಟು ಪೂರ್ತಿ ಬೆರೆಯಬೇಕಾದರೆ ಸಾವಿರಗಟ್ಟಲೆ ಸಲ ಕಲಸಬೇಕು. ಕಂತೆಗಳು ಜಾಗ ಬದಲಿಸುತ್ತವೆ, ಕಂತೆಯೊಳಗಿನ ನೆರೆಹೊರೆ ಹಾಗೇ ಉಳಿಯುತ್ತದೆ. ಊರು ಬಿಟ್ಟರೂ ಒಂದೇ ಲಾರಿಯಲ್ಲಿ ಹೊರಟ ಸಂಸಾರದಂತೆ.

ಯಂತ್ರವೂ ಈ ಮಾತಿಗೆ ಹೊರತಲ್ಲ. ಕ್ಯಾಸಿನೋಗಳಿಗೆ ಕಲಸುವ ಯಂತ್ರ ತಯಾರಿಸುವ ಕಂಪನಿಯೊಂದು ತನ್ನ ಯಂತ್ರವನ್ನು ಪರೀಕ್ಷಿಸಲು ಡಯಾಕೊನಿಸ್ ಮತ್ತು ಸೂಸನ್ ಹೋಮ್ಸ್ ಅವರನ್ನು ಕರೆಸಿತು. ನಿಜವಾಗಿ ಬೆರೆತ ಕಟ್ಟಿನಿಂದ ಒಂದೊಂದೇ ಎಲೆ ತೆರೆಯುತ್ತಾ ಮುಂದಿನದನ್ನು ಊಹಿಸುತ್ತಾ ಹೋದರೆ ಜಾಣನಿಗೂ ಸರಾಸರಿ ನಾಲ್ಕೂವರೆ ಊಹೆ ಸರಿಬೀಳುತ್ತದೆ. ಆ ಯಂತ್ರ ಕಲಸಿದ ಕಟ್ಟಿನಲ್ಲಿ ಒಂಬತ್ತೂವರೆ ಸರಿಬೀಳಬಹುದೆಂದು ಅವರು ಲೆಕ್ಕ ಹಾಕಿ ತೋರಿಸಿದರು. ಯಂತ್ರ ತನಗೇ ಗೊತ್ತಿಲ್ಲದೆ ಅರ್ಧ ಹುಸಿ ಕಲಸುತ್ತಿತ್ತು.

ಇದಕ್ಕಿಂತ ಸೋಜಿಗ ಬೇಕೇ? ಕಟ್ಟನ್ನು ಸರಿಯಾಗಿ 26–26 ಎಂದು ಒಡೆದು, ಒಂದರ ನಡುವೆ ಒಂದು ಎಲೆ ಬರುವಂತೆ ಚೂರೂ ತಪ್ಪದೆ ಹೆಣೆಯುವುದಕ್ಕೆ ಫ್ಯಾರೋ ಕಲಸು ಎನ್ನುತ್ತಾರೆ. ಮೇಲಿನ ಎಲೆ ಮೇಲೆಯೇ, ಕೆಳಗಿನದು ಕೆಳಗೇ ಉಳಿಯುವಂತೆ ಎಂಟು ಸಲ ಇದನ್ನು ಮಾಡಿದರೆ ಕಟ್ಟು ಮೊದಲಿದ್ದಂತೆಯೇ ಬಂದು ನಿಲ್ಲುತ್ತದೆ. ಇಲ್ಲಿ ಮೋಸವೇ ಇಲ್ಲ. ಅಷ್ಟೊಂದು ಅಚ್ಚುಕಟ್ಟಾಗಿ ಕಲಸಿದ್ದೇ ಕಲಸದಂತಾಯಿತು.

ಹದಿಮೂರು ಎಲೆಯ ಪ್ರಯೋಗ

ಓದಿದ್ದು ಸಾಕು, ಒಂದು ಕಟ್ಟು ತನ್ನಿ. ಇಸ್ಪೀಟು ಬಣ್ಣದ ಹದಿಮೂರು ಎಲೆಗಳನ್ನು ಎಕ್ಕದಿಂದ ರಾಜನವರೆಗೆ ಕ್ರಮವಾಗಿ ಜೋಡಿಸಿ, ಬೆನ್ನು ಮೇಲಾಗಿ ಎಡಗೈಯಲ್ಲಿ ಹಿಡಿಯಿರಿ. ಮೇಲಿನಿಂದ ಎರಡು ಮೂರು ಎಲೆ ಬಲಗೈಗೆ ತಳ್ಳಿ. ಈಗ ಎಡಗೈ ಕಂತೆಯ ಅಡಿಯಿಂದ ಎರಡು ಎಲೆ ತೆಗೆದು ಬಲಗೈ ಕಂತೆಯ ಮೇಲಿಡಿ. ಮತ್ತೆ ಎಡಗೈ ಕಂತೆಯ ಮೇಲಿನಿಂದ ಮೂರು ತೆಗೆದು ಬಲಗೈ ಕಂತೆಯ ಅಡಿಗೆ ಸೇರಿಸಿ. ಅಡಿಯಿಂದ ಬಂದದ್ದು ಮೇಲಕ್ಕೆ, ಮೇಲಿನಿಂದ ಬಂದದ್ದು ಅಡಿಗೆ. ಎಡಗೈ ಖಾಲಿಯಾಗುವವರೆಗೂ ಹೀಗೇ ಮಾಡಿ. ನೋಡುವವರಿಗೆ ಎಲೆ ಕಲಸಲು ಬಾರದವನು ಕಷ್ಟಪಟ್ಟು ಕಲಸುತ್ತಿರುವಂತೆ ಕಾಣುತ್ತದೆ.

ಮುಗಿದ ಮೇಲೆ ಎಲೆಗಳನ್ನು ತಿರುವಿ ನೋಡಿ. ಎಂಟು, ಒಂಬತ್ತು, ಹತ್ತು, ಗುಲಾಮ, ರಾಣಿ, ರಾಜ, ಎಕ್ಕ, ಎರಡು ಎಂಬಂತೆ ಎಲ್ಲಿಂದಲೋ ಶುರುವಾಗಿ ಸುತ್ತಿ ಬಂದಿರುತ್ತದೆ. ಸರಪಳಿಯ ಒಂದು ಕೊಂಡಿಯೂ ತುಂಡಾಗಿಲ್ಲ, ಹಿಡಿದ ಜಾಗ ಮಾತ್ರ ಬದಲು. ಎಕ್ಕ ಮೇಲೆ ಬರುವಂತೆ ಒಮ್ಮೆ ಕಟ್ ಮಾಡಿದರೆ ಕ್ರಮ ಮೊದಲಿನಂತೆ.

ಇದು ಚಾರ್ಲಿಯರ್ ಕಲಸು. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿದ್ದ, ಪೂರ್ವಾಪರ ಯಾರಿಗೂ ಸರಿಯಾಗಿ ತಿಳಿಯದ ಒಬ್ಬ ಇಸ್ಪೀಟು ಪ್ರವೀಣನ ಹೆಸರು ಅದಕ್ಕೆ ಅಂಟಿಕೊಂಡಿದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಕಾರಣ ಎರಡು. ಒಂದು, ಇದರಲ್ಲಿ ಬಚ್ಚಿಡಬೇಕಾದ ಚಲನೆಯೇ ಇಲ್ಲ, ಎಲ್ಲವೂ ಬಟಾಬಯಲು. ಎರಡು, ಕೈ ತೊಡರಿದಷ್ಟೂ ನಂಬಿಕೆ ಹೆಚ್ಚು. ಕಟ್ ಮಾಡಿದರೆ ಎಲೆಗಳು ಬೆರೆಯುವುದಿಲ್ಲ, ಸರಪಳಿ ತಿರುಗುತ್ತದೆ ಅಷ್ಟೇ ಎಂಬ ಒಂದೇ ಸತ್ಯದ ಮೇಲೆ ಈ ವಿದ್ಯೆ ನಿಂತಿದೆ. ಮೇಲೆ ಹೇಳಿದ ಸೈ ಸ್ಟೆಬಿನ್ಸ್ ಜೋಡಣೆಗೂ ಆದಿ ಅಂತ್ಯಗಳಿಲ್ಲ. ಎರಡನ್ನೂ ಜೋಡಿಸಿದರೆ ಒಂದು ಸಂಜೆಯ ಜಾದೂ ಸಿದ್ಧ.

ಜಮಖಾನದ ಮೇಲಿನ ಕಲಸು

ಜಗತ್ತಿನ ಜಾದೂ ಪುಸ್ತಕಗಳಲ್ಲಿ "ಹಿಂದೂ ಶಫಲ್" ಎಂಬ ಒಂದು ಹೆಸರಿದೆ. ಏನೋ ತಾಂತ್ರಿಕ ವಿದ್ಯೆ ಇರಬೇಕೆಂದು ಚಿತ್ರ ನೋಡಿದರೆ ನಗು ಬರುತ್ತದೆ. ರಮ್ಮಿ ಆಡುವ ನಮ್ಮ ಎಷ್ಟೋ ಜನ ದಿನಾ ಮಾಡುವ ಕಲಸು ಅದು! ಬಲಗೈಯ ಹೆಬ್ಬೆರಳು ಮತ್ತು ನಡುಬೆರಳು ಕಟ್ಟಿನ ಹಿಂಭಾಗದ ಎರಡು ಅಂಚು ಹಿಡಿದಿರುತ್ತವೆ. ಎಡಗೈ ಬೆರಳುಗಳು ಮೇಲಿನಿಂದ ಸಣ್ಣ ಸಣ್ಣ ಕಂತೆ ಎಳೆದು ಅಂಗೈಗೆ ಬೀಳಿಸಿಕೊಳ್ಳುತ್ತವೆ. ಭಾರತ ಮತ್ತು ಏಷ್ಯಾದ ಬೇರೆ ದೇಶಗಳಲ್ಲಿ ಹೆಚ್ಚು ಕಾಣುವ ಪದ್ಧತಿಯಾದ್ದರಿಂದ ಪಶ್ಚಿಮದವರು ಆ ಹೆಸರಿಟ್ಟರು.

ಇದರ ಒಂದು ಗುಣ ನೋಡಿ. ಎಳೆಯುವುದು ಮೇಲಿನಿಂದ. ಹಾಗಾಗಿ ತೀರ ಕೆಳಗಿನ ಕಂತೆ ಕೊನೆಯವರೆಗೂ ಬಲಗೈಯಲ್ಲೇ ಉಳಿದು, ಕಡೆಗೆ ಇಡಿಯಾಗಿ ಎಲ್ಲದರ ಮೇಲೆ ಬಂದು ಕೂರುತ್ತದೆ. ನಾಲ್ಕು ಎಕ್ಕಗಳನ್ನು ಅಡಿಯಲ್ಲಿಟ್ಟು, ಅವಷ್ಟೇ ಉಳಿಯುವವರೆಗೆ ಎಳೆದು ಕಲಸಿದರೆ ಏನೂ ಕೈಚಳಕವಿಲ್ಲದೆ ಅವು ಮೇಲೆ ಬರುತ್ತವೆ. ಮೇಲಿನ ಎಲೆಗಳನ್ನು ಮೇಲೆಯೇ ಉಳಿಸಬೇಕಾದರೆ ಮಾತ್ರ ಒಂದು ಗುಟ್ಟು ಬೇಕು. ಮೊದಲ ಕಂತೆ ಅಂಗೈಗೆ ಬಿದ್ದ ಮೇಲೆ, ಎರಡನೆಯದನ್ನು ಹಾಕಲು ಬಲಗೈ ಬಂದಾಗ ಅದರ ಬೆರಳುಗಳು ಆ ಮೊದಲ ಕಂತೆಯನ್ನೂ ತನ್ನ ಕಟ್ಟಿನ ಅಡಿಗೆ ಎತ್ತಿಕೊಳ್ಳುತ್ತವೆ, ನಡುವೆ ಕೂದಲೆಳೆಯಷ್ಟು ಸಂದು ಇಟ್ಟುಕೊಂಡು. ಆ ಸಂದಿನವರೆಗೆ ಎಲೆ ಎಳೆದು, ಉಳಿದ ಕಂತೆಯನ್ನು ಇಡಿಯಾಗಿ ಮೇಲೆ ಹಾಕಿದರೆ ಮುಗಿಯಿತು.

ಕಟ್ಟನ್ನು ಅಡ್ಡವಾಗಿ ಹಿಡಿದು ಹೆಬ್ಬೆರಳಿನಿಂದ ಎಲೆ ಜಾರಿಸಿಕೊಳ್ಳುವ ಓವರ್‌ಹ್ಯಾಂಡ್ ಕಲಸಿಗೂ ಇಂಥದೇ ಉಪಾಯ ಇದೆ. ಕಟ್ಟಿನ ಕೆಳಗಿನ ಅರ್ಧವನ್ನು ಬಲಗೈಗೆ ತೆಗೆದುಕೊಂಡು, ಎಡಗೈಯಲ್ಲಿ ಉಳಿದ ಮೇಲಿನ ಅರ್ಧದ ಮೇಲೆ ಕಲಸಲು ಶುರುಮಾಡಬೇಕು. ಮೊದಲು ಬೀಳುವ ಒಂಟಿ ಎಲೆ ನಿಮ್ಮ ಹೊಟ್ಟೆಯ ಕಡೆಗೆ ಕಾಲಂಗುಲ ಚಾಚಿಕೊಂಡಿರಲಿ. ಉಳಿದವನ್ನು ಅದರ ಮೇಲೆ ಅಡ್ಡಾದಿಡ್ಡಿ ಬೀಳಿಸಿ. ಕೊನೆಗೆ ಚಾಚಿದ ಎಲೆಯ ಅಡಿಯಿಂದ ಇಡೀ ಕಂತೆಯನ್ನು ಎತ್ತಿ ಮೇಲೆ ಹಾಕಿ. ಮೇಲಿನ ಅರ್ಧ ತನ್ನ ಜಾಗಕ್ಕೆ, ತನ್ನ ಕ್ರಮದಲ್ಲೇ ಮರಳಿತು. 1902ರಲ್ಲಿ ಶಿಕಾಗೊದಲ್ಲಿ ಅಚ್ಚಾದ "ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್" ಎಂಬ ಪುಸ್ತಕ ಈ ಬಗೆಯ ಕಲಸುಗಳ ಮೂಲಪಾಠ. ಎಸ್.ಡಬ್ಲ್ಯು. ಅರ್ಡ್ನೇಸ್ ಎಂಬ ಕಳ್ಳಹೆಸರಿನಲ್ಲಿ ಅದನ್ನು ಬರೆದವರು ಯಾರೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಯಾವ ಕಲಸನ್ನು ಕಲಿಯಬೇಕು ಎಂದು ಕೇಳಿದರೆ ನನ್ನ ಉತ್ತರ: ನಿಮ್ಮ ಊರಿನವರು ಕಲಸುವಂಥದ್ದನ್ನು. ಛತ್ರದ ಜಮಖಾನದ ಮೇಲೆ ಎಲೆಗಳನ್ನು ಕಮಾನಿನಂತೆ ಬಾಗಿಸಿ ಫರ್ರೆಂದು ಬೀಳಿಸಿದರೆ ಸುಣ್ಣ ಸವರುತ್ತಿದ್ದವರೂ ತಲೆ ಎತ್ತುತ್ತಾರೆ. ಪಳಗಿದ ಕೈ ಎಂಬ ಗುಮಾನಿ ಬಂತೆಂದರೆ ಮುಂದಿನ ಜಾದೂವೆಲ್ಲ ಸಪ್ಪೆ. ಹಳೆಯ ಮೈಸೂರಿನ ಗಂಜೀಫಾ ಎಲೆಗಳು ಗುಂಡಗಿದ್ದವು, ಮೆರುಗೆಣ್ಣೆ ಬಳಿದು ಗಟ್ಟಿಯಾಗಿದ್ದವು. ದಶಾವತಾರ ಗಂಜೀಫಾದ 120 ಎಲೆಗಳನ್ನು ಬಾಗಿಸಿ ಬೀಳಿಸುವ ಮಾತೇ ಇಲ್ಲ. ಬಟ್ಟೆಯ ಮೇಲೆ ಮಗುಚಿ ಹರಡಿ ಕೈಯಾಡಿಸಿ ಬೆರೆಸಬೇಕು. ಆಯಾ ಎಲೆಗೆ, ಆಯಾ ಸಭೆಗೆ ಅದರದೇ ಕಲಸು. ಹುಸಿ ಅದರೊಳಗೆ ಅಡಗಬೇಕು.

ಮೇಜಿನ ಮೇಲೆ

ಅಮೆರಿಕದ ಕ್ಯಾಸಿನೋ ಮೇಜಿನ ಸಂಪ್ರದಾಯ ರಿಫಲ್. ಅಲ್ಲಿ ಅದೇ ಸಹಜ, ಆದ್ದರಿಂದ ಅಲ್ಲಿನ ಜಾದೂಗಾರರು ಅದರ ಹುಸಿಗಾಗಿ ತಲೆ ಕೆಡಿಸಿಕೊಂಡರು. ಎಲ್ಲರ ಕಣ್ಣೆದುರು ಎರಡು ಅರ್ಧಗಳು ಹೆಣೆದುಕೊಂಡ ಮೇಲೆ ಅವನ್ನು ಬಿಡಿಸುವುದು ಹೇಗೆ? ಒಂದು ದಾರಿ, ಹೆಣೆದ ಎರಡು ಅರ್ಧಗಳನ್ನು ಓರೆಯಾಗಿ ಒಂದರೊಳಗಿಂದ ಒಂದು ತೂರಿಸಿ ಆಚೆ ಬದಿಯಿಂದ ಹೊರಗೆಳೆಯುವುದು. ಪುಶ್ ಥ್ರೂ ಎನ್ನುವ ಇದಕ್ಕೆ ಗಂಟಲು ಒಣಗುವಷ್ಟು ಸಾಧನೆ ಬೇಕು.

ಇನ್ನೊಂದು ದಾರಿ ತೋರಿಸಿದವರು ನ್ಯೂಜೆರ್ಸಿಯ ಹರ್ಬ್ ಜಾರೋ (1925–2008). 1957ರಲ್ಲಿ ಜಾದೂ ಪತ್ರಿಕೆಯೊಂದರಲ್ಲಿ ಅವರ ಕಲಸು ಪ್ರಕಟವಾಯಿತು. ಎಲೆಗಳು ಹೆಣೆದುಕೊಳ್ಳುತ್ತವೆ, ನಿಜ. ಕಟ್ಟನ್ನು ಸಮ ಮಾಡುವ ನೆಪದಲ್ಲಿ ಬೆರಳುಗಳ ಮರೆಯಲ್ಲಿ ಆ ಹೆಣಿಗೆ ಕಳಚಿಕೊಳ್ಳುತ್ತದೆ. ಒಂದು ಅರ್ಧ ಇನ್ನೊಂದರ ಮೇಲಿನ ಎಲೆಯ ಅಡಿಗೆ ನುಸುಳುತ್ತದೆ. ಆ ಒಂಟಿ ಎಲೆಯೇ ಪರದೆ. ನೋಡುವವರಿಗೆ ಹೆಣೆದ ಎಲೆಗಳನ್ನು ಒಳಕ್ಕೆ ತಳ್ಳಿದ್ದಷ್ಟೇ ಕಾಣುತ್ತದೆ. ಇಂದು ಜಗತ್ತಿನಾದ್ಯಂತ ಇಸ್ಪೀಟು ಜಾದೂಗಾರರು ಜಾರೋ ಎಂಬ ಹೆಸರನ್ನು ಕ್ರಿಯಾಪದದಂತೆ ಬಳಸುತ್ತಾರೆ.

ಬೇಸರ ನಟಿಸುವುದು ಹೇಗೆ?

ಇಷ್ಟು ತಿಳಿದ ಮೇಲೂ ಹುಸಿ ಕಲಸು ನಂಬಿಕೆ ಹುಟ್ಟಿಸುವುದಿಲ್ಲ. ನನ್ನ ಅಕ್ಕನ ಮಗಳ ಮುಂದೆ ಮೊದಲ ಸಲ ಮಾಡಿದಾಗ ಅವಳಿಗೆ ಹನ್ನೊಂದು ವರ್ಷ. ತಿಂಗಳುಗಟ್ಟಲೆ ತಾಲೀಮು ಮಾಡಿದ ಕಲಸು, ಒಂದು ಎಲೆಯೂ ತಪ್ಪಲಿಲ್ಲ. ಎಕ್ಕಗಳು ಬಂದವು. ಅವಳು ಚಪ್ಪಾಳೆ ತಟ್ಟಲಿಲ್ಲ.

"ಮಾಮ, ನೀನು ಕಲಸುವಾಗ ಮಾತು ಯಾಕೆ ನಿಲ್ಲಿಸಿದೆ?" ಎಂದಳು.

ಕೈ ಸರಿಯಾಗಿತ್ತು. ಬಾಯಿ ಚಾಡಿ ಹೇಳಿತ್ತು. ಅವಳು ಹಿಡಿದದ್ದು ಗುಟ್ಟನ್ನಲ್ಲ, ಗುಟ್ಟು ಇದೆ ಎಂಬುದನ್ನು. ಜಾದೂಗಾರನಿಗೆ ಅಷ್ಟು ಸಾಕು ಮುಖಭಂಗಕ್ಕೆ.

ಅವತ್ತಿನಿಂದ ನಾನು ಹುಸಿ ಕಲಸನ್ನು ಬಿಟ್ಟು ನಿಜ ಕಲಸನ್ನು ನೋಡತೊಡಗಿದೆ. ಫೋನನ್ನು ಪುಸ್ತಕಕ್ಕೆ ಒರಗಿಸಿಟ್ಟು ಸ್ನೇಹಿತರೊಡನೆ ರಮ್ಮಿ ಆಡಿದೆ. ಆಮೇಲೆ ನನ್ನದೇ ಕೈಯನ್ನು ಪರದೆಯ ಮೇಲೆ ನೋಡಿದೆ. ನಿಜವಾಗಿ ಕಲಸುವಾಗ ನಾನು ಕೈ ನೋಡಿಕೊಳ್ಳುವುದೇ ಇಲ್ಲ. ನಾಲ್ಕಾರು ಸಲ ಎಳೆದು ಸಾಕು ಮಾಡುತ್ತೇನೆ. ಎಲೆಗಳು ಸೊಟ್ಟಗಿದ್ದರೆ ಮೊಣಕಾಲಿಗೆ ಕುಟ್ಟಿ ಸರಿ ಮಾಡುತ್ತೇನೆ. ಒಂದೆರಡು ಸಲ ಎಲೆ ಬಿದ್ದಿದೆ, ಎತ್ತಿ ಎಲ್ಲೋ ತುರುಕಿದ್ದೇನೆ. ಹುಸಿ ಕಲಸುವಾಗ? ಬೆನ್ನು ನೆಟ್ಟಗೆ, ಕಣ್ಣು ಕಟ್ಟಿನ ಮೇಲೆ, ಹನ್ನೆರಡು ಸಲ ಅಚ್ಚುಕಟ್ಟಾದ ಎಳೆತ. ಇಬ್ಬರು ಬೇರೆ ಬೇರೆ ಮನುಷ್ಯರು!

ಇಬ್ಬರನ್ನೂ ಒಬ್ಬನಾಗಿಸುವುದೇ ಕಲಿಕೆ. ಅದಕ್ಕೆ ಎರಡು ಕಡೆಯಿಂದ ಕೆಲಸ ನಡೆಯಬೇಕು. ಹುಸಿಯನ್ನು ನಿಜದಂತೆ ಸಡಿಲಗೊಳಿಸುವುದು ಒಂದು. ನಿಜವನ್ನೇ ಹುಸಿಯ ಅಚ್ಚಿಗೆ ಕೊಂಚ ಬಗ್ಗಿಸುವುದು ಇನ್ನೊಂದು. ಹುಸಿಯಲ್ಲಿ ಒಂದು ಎಲೆ ನನ್ನ ಕಡೆ ಚಾಚುವುದಾದರೆ, ದಿನವೂ ರಮ್ಮಿಯಲ್ಲಿ ಕಲಸುವಾಗಲೂ ನನ್ನ ಎಲೆಗಳು ಒರಟಾಗಿ ಚಾಚಿಕೊಂಡಿರಲಿ. ಆಗ ಆ ಒಂದು ಎಲೆ ಯಾರ ಕಣ್ಣಿಗೂ ಬೀಳದು. ಡಾಯ್ ವರ್ನನ್ (1894–1992) ಜೀವಮಾನವಿಡೀ ಶಿಷ್ಯರಿಗೆ ಹೇಳಿದ ಬುದ್ಧಿವಾದದ ಸಾರವೂ ಇದೇ: ಸಹಜವಾಗಿರು. ಸಹಜ ಎಂದರೆ ಎಲ್ಲರಿಗೂ ಒಂದೇ ಅಲ್ಲ. ನಿನ್ನ ಮೈಗೆ ಸಹಜವಾದದ್ದು ಎಂದರ್ಥ.

ಮುಂದಿನದು ಕಣ್ಣು. ನೀವು ಎಲ್ಲಿ ನೋಡುತ್ತೀರೋ ಸಭೆ ಅಲ್ಲಿ ನೋಡುತ್ತದೆ. ಕಲಸುತ್ತಾ ಎದುರಿನವರ ಮುಖ ನೋಡಿ ಏನಾದರೂ ಕೇಳಿ. ಉತ್ತರಿಸಬೇಕಾದ ಪ್ರಶ್ನೆಯೇ ಆಗಿರಲಿ. "ನೀವು ರಮ್ಮಿ ಆಡ್ತೀರಾ, ಇಪ್ಪತ್ತೆಂಟೋ?" ಎಂದರೆ ಅವರು ನಿಮ್ಮ ಕೈ ಬಿಟ್ಟು ತಮ್ಮ ನೆನಪಿಗೆ ಹೋಗುತ್ತಾರೆ. ಸ್ಪೇನಿನ ವಕೀಲ, ಜಾದೂಗಾರ ಅರ್ತೂರೋ ದೆ ಅಸ್ಕಾನಿಯೊ (1929–1997) ಇದನ್ನು ಶಾಸ್ತ್ರವಾಗಿಸಿದರು. ಗುಟ್ಟಿನ ಕ್ರಿಯೆ ಎಂದಿಗೂ ಮುಖ್ಯ ಕ್ರಿಯೆ ಆಗಕೂಡದು, ಬೇರೆ ಎಲ್ಲಿಗೋ ಹೋಗುವಾಗ ದಾರಿಯಲ್ಲಿ ಆಗಿಹೋಗಬೇಕು ಎಂಬುದು ಅವರ ವಾದ. ಮಾರ್ಕೆಟ್ಟಿಗೆ ಹೋಗುತ್ತಾ ಪೋಸ್ಟ್ ಡಬ್ಬಕ್ಕೆ ಕಾಗದ ಹಾಕಿದಂತೆ. ಕಾಗದ ಹಾಕಲೆಂದೇ ಹೊರಟರೆ ಎಲ್ಲರೂ ನೋಡುತ್ತಾರೆ.

ಕೊನೆಯದು ಮಿತಿ. ಹೊಸಬ ಜಾದೂಗಾರ ಸಾಕ್ಷಿ ಹೇಳುವ ಸುಳ್ಳುಗಾರನಂತೆ. ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಾನೆ. ಕಲಸುತ್ತಾನೆ, ಕಟ್ ಮಾಡುತ್ತಾನೆ, ಮತ್ತೆ ಕಲಸುತ್ತಾನೆ, "ನೋಡಿ, ಚೆನ್ನಾಗಿ ಕಲಸಿದೀನಿ" ಎಂದು ಬಾಯಿಬಿಟ್ಟು ಬೇರೆ ಹೇಳುತ್ತಾನೆ. ಯಾರಿಗೂ ಇಲ್ಲದಿದ್ದ ಅನುಮಾನ ಆಗ ಹುಟ್ಟುತ್ತದೆ. ಐದು ಸೆಕೆಂಡ್ ಸಾಕು. ಎಲೆಗಳನ್ನು ಕೆಳಗಿಟ್ಟು ಮುಂದಿನ ಮಾತಿಗೆ ಹೋಗಿ.

ಅಸ್ತವ್ಯಸ್ತತೆಯನ್ನೇ ಕಲೆಯಾಗಿಸಿದವರು ಸ್ವೀಡನ್ನಿನ ವೈದ್ಯ ಲೆನ್ನಾರ್ಟ್ ಗ್ರೀನ್. ಎಲೆಗಳು ಮೇಜಿನ ತುಂಬ ಚೆಲ್ಲಾಪಿಲ್ಲಿ, ಕೆಲವು ನೆಲದ ಮೇಲೆ, ಒಟ್ಟು ಮಾಡಿದರೂ ಮೂಲೆಗಳೆಲ್ಲ ಹೊರಗೆ. ಆ ರಾಶಿಯೊಳಗೆ ಕ್ರಮ ಕದಲದೆ ಕೂತಿರುತ್ತದೆ ಎಂದರೆ ನಂಬುವುದು ಕಷ್ಟ. 1988ರ ಫಿಸ್ಮ್ ವಿಶ್ವ ಜಾದೂ ಸ್ಪರ್ಧೆಯಲ್ಲಿ ತೀರ್ಪುಗಾರರೂ ನಂಬಲಿಲ್ಲ. ಸಭೆಯಲ್ಲಿ ಕಲಸಿಕೊಟ್ಟವರು ಇವನ ಕಡೆಯವರೇ ಇರಬೇಕು ಎಂದು ಗ್ರೀನ್ ಅವರನ್ನು ಅನರ್ಹಗೊಳಿಸಿದರು. 1991ರ ಸ್ಪರ್ಧೆಗೆ ಮರಳಿ ಬಂದ ಗ್ರೀನ್ ಇಸ್ಪೀಟು ವಿಭಾಗದ ಮೊದಲ ಬಹುಮಾನ ಒಯ್ದರು.

ತಾಲೀಮಿನ ಕೋಣೆ

ಅಭ್ಯಾಸಕ್ಕೆ ಒಂದು ಸುಲಭ ಉಪಾಯ ಹೇಳುತ್ತೇನೆ. ಹಳೆಯ ಕಟ್ಟನ್ನು ಬಿಗಿಯಾಗಿ ಹಿಡಿದು ಅದರ ಪಕ್ಕದ ಅಂಚಿನ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಪೆನ್ಸಿಲಿನಲ್ಲಿ ಓರೆ ಗೆರೆ ಎಳೆಯಿರಿ. ಕಲಸಿದ ಮೇಲೆ ಗೆರೆ ಅಖಂಡವಾಗಿದ್ದರೆ ಕ್ರಮ ಉಳಿದಿದೆ. ಒಂದೇ ಕಡೆ ತುಂಡಾಗಿದ್ದರೆ ಕಟ್ ಆಗಿದೆ, ಸರಪಳಿ ಸುರಕ್ಷಿತ. ಗೆರೆ ಚುಕ್ಕಿಚುಕ್ಕಿಯಾಗಿ ಚೆದುರಿದ್ದರೆ ಮತ್ತೆ ಮೊದಲಿನಿಂದ ಜೋಡಿಸಿಕೊಳ್ಳಿ. ಪ್ರತಿ ಸಲ 52 ಎಲೆ ತಿರುವಿ ನೋಡುವ ಕಷ್ಟ ತಪ್ಪುತ್ತದೆ.

ಕನ್ನಡಿಯನ್ನು ಪೂರ್ತಿ ನಂಬಬೇಡಿ. ಗುಟ್ಟಿನ ಕ್ಷಣ ಬಂದಾಗ ಅಭ್ಯಾಸಿಯ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ತನ್ನ ತಪ್ಪನ್ನು ತಾನೇ ನೋಡದಿರಲು ಮನಸ್ಸು ಮಾಡುವ ಉಪಾಯ ಅದು. ಫೋನಿನ ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ಅದನ್ನು ಎದುರು ಕೂತವರ ಕಣ್ಣಿನ ಎತ್ತರಕ್ಕೆ ಇಡಿ. ಟಿವಿ ನೋಡುತ್ತಾ, ಮನೆಯವರೊಡನೆ ಮಾತಾಡುತ್ತಾ ಕಲಸಿ. ಮಾತು ಕತ್ತರಿಸದೆ, ಕೈ ನೋಡದೆ, ನೂರು ಸಲ ತಪ್ಪದೆ ಬಂದರೆ ಆಗ ಯಾರಿಗಾದರೂ ತೋರಿಸಬಹುದು. ಕರಾವಳಿಯ ಸೆಕೆಯಲ್ಲಿ ಬೆವರಿನ ಕೈಗೆ ಎಲೆ ಅಂಟುತ್ತದೆ. ಕೈ ತೊಳೆದು ಒರೆಸಿಕೊಂಡು ಕೂರಿ. ಹಳೆಯ ಜಿಗುಟು ಎಲೆಗಳಲ್ಲಿ ಕಲಿತರೆ ಕೆಟ್ಟ ಒತ್ತಡ ಕೈಗೆ ರೂಢಿಯಾಗುತ್ತದೆ.

ಕಣ್ಣೇ ಬೇಕಿಲ್ಲ ಎಂಬುದಕ್ಕೆ ಅಮೆರಿಕದ ರಿಚರ್ಡ್ ಟರ್ನರ್ ಇದ್ದಾರೆ. ಬಾಲ್ಯದಲ್ಲೇ ದೃಷ್ಟಿ ಕುಂದತೊಡಗಿ ಮುಂದೆ ಪೂರ್ಣ ಕುರುಡಾದ ಇವರು ಇಸ್ಪೀಟಿನ ಕೈಚಳಕದಲ್ಲಿ ಜಗತ್ತಿನ ಅಗ್ರಗಣ್ಯರಲ್ಲಿ ಒಬ್ಬರು. 2017ರ "ಡೆಲ್ಟ್" ಸಾಕ್ಷ್ಯಚಿತ್ರ ಅವರ ಬದುಕನ್ನು ಕುರಿತದ್ದು. ಊಟ ಮಾಡುವಾಗ, ನಡೆಯುವಾಗ, ಮಾತಾಡುವಾಗ ಅವರ ಕೈಯಲ್ಲಿ ಎಲೆ ಆಡುತ್ತಲೇ ಇರುತ್ತದೆ. ಅವರ ಹುಸಿ ಕಲಸನ್ನು ನೋಡುವವರಿಗೆ ಕಣ್ಣಿದೆ, ಮಾಡುವವರಿಗೆ ಇಲ್ಲ, ಸೋಲುವುದು ಕಣ್ಣಿರುವವರು.

ಶಕುನಿಯೂ ಋತುಪರ್ಣನೂ

ಇಂಥ ವಿದ್ಯೆಯನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳುವವರಿರುತ್ತಾರೆ. ಅರ್ಡ್ನೇಸನ ಪುಸ್ತಕ ಜೂಜಿನ ಮೇಜಿನ ಮೋಸವನ್ನೇ ಮೊದಲು ವಿವರಿಸುತ್ತದೆ, ಜಾದೂ ಆಮೇಲೆ. ವಿದ್ಯೆ ಹುಟ್ಟಿದ್ದು ಜೂಜುಕೋರರ ನಡುವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಹಾಭಾರತ ಓದಿದವರಿಗೆ ಶಕುನಿಯಷ್ಟೇ ಋತುಪರ್ಣನೂ ಗೊತ್ತಿರಬೇಕು. ಪಗಡೆಯಲ್ಲಿ ಎಲ್ಲ ಕಳೆದುಕೊಂಡು ಸಾರಥಿಯಾಗಿದ್ದ ನಳನಿಗೆ ಆ ರಾಜ ಅಕ್ಷಹೃದಯವನ್ನು, ದಾಳದ ಮರ್ಮವನ್ನು, ಕಲಿಸಿದ. ನಳ ಬದಲಿಗೆ ಅಶ್ವಹೃದಯ ಕೊಟ್ಟ. ಒಬ್ಬನ ಕೈಯಲ್ಲಿ ಕುಲನಾಶ ಮಾಡಿದ ದಾಳ ಇನ್ನೊಬ್ಬನಿಗೆ ಕಳೆದ ರಾಜ್ಯವನ್ನು ಮರಳಿ ಕೊಡಿಸಿತು. ಮರ್ಮ ತಿಳಿದವನನ್ನು ಮೋಸ ಮಾಡುವುದು ಕಷ್ಟ. ಈ ಲೇಖನ ಓದಿದವರು ಇನ್ನು ಮುಂದೆ ದುಡ್ಡಿನ ಆಟಕ್ಕೆ ಕೂತವರ ಕೈಯನ್ನು ಬೇರೆ ಕಣ್ಣಿನಿಂದ ನೋಡಿದರೆ ಅದೂ ಒಂದು ಲಾಭವೇ.

ಜಾದೂಗಾರನಿಗೂ ಜೂಜುಕೋರನಿಗೂ ಕೈ ಒಂದೇ, ಕರಾರು ಬೇರೆ. ಮೋಸ ಮಾಡುತ್ತೇನೆ ಎಂದು ಮೊದಲೇ ಹೇಳಿ ಮೋಸ ಮಾಡುವ ಪ್ರಾಮಾಣಿಕತೆ ಜಾದೂಗಾರನದು. ಹಾಗಾಗಿ ಕಲಿಯುವವರಿಗೆ ಒಂದೇ ಕಟ್ಟಳೆ: ಒಂದು ರೂಪಾಯಿ ಪಣಕ್ಕಿದ್ದರೂ ಹುಸಿ ಕಲಸು ಬೇಡ, ಎಲೆಗಳನ್ನು ಪಕ್ಕದವರ ಕೈಗೆ ಕೊಟ್ಟು "ನೀವೇ ಕಲಸಿ" ಎನ್ನಿ.

ಅಕ್ಕನ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಕಳೆದ ಹಬ್ಬಕ್ಕೆ ಬಂದಾಗ ಅವಳ ಹಾಸ್ಟೆಲಿನ ಕಥೆ ಕೇಳುತ್ತಾ ಎಲೆ ಕಲಸಿದೆ, ನಾಲ್ಕು ಎಕ್ಕ ತೆಗೆದೆ. ಅವಳು ಎಕ್ಕ ಎಲ್ಲಿಂದ ಬಂತು ಎಂದು ನನ್ನ ತೋಳು ತಡಕಿದಳು, ಜೇಬು ನೋಡಿದಳು, ಕಟ್ಟಿನ ಬೆನ್ನು ಪರೀಕ್ಷಿಸಿದಳು. ಕಲಸಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನೀವೂ ಕಲಿಯಲು ಕೂತರೆ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಯಾರಾದರೂ ನಿಮಗೆ "ಎಷ್ಟು ಚೆನ್ನಾಗಿ ಎಲೆ ಕಲಸ್ತೀರಿ!" ಎಂದರೆ ಹಿಗ್ಗಬೇಡಿ. ಮನೆಗೆ ಹೋಗಿ, ಪೆನ್ಸಿಲ್ ಗೆರೆ ಎಳೆದು, ಮತ್ತೆ ಅಭ್ಯಾಸಕ್ಕೆ ಕೂರಿ.